ಪೂಜೆಗಿಟ್ಟ ಸ್ಪ್ಯಾನರು

ನಾಗರಬಾವಿಯ ಬೆಟ್ಟಯ್ಯನನ್ನು ಕೆಂಗೇರಿ ಕಡೆ ಸೂಜಿ ಬೆಟ್ಟಯ್ಯ ಅಂತಲೇ ಕರೆಯುತ್ತಾರೆ. ದನದ ಆಸ್ಪತ್ರೆಯ ಕಾಂಪೌಂಡರು. ಒಂಬತ್ತು ವರ್ಷ ಬೈಸಿಕಲ್ ತುಳಿದು, ಹುಳ ಬಿದ್ದ ಗಾಯ ತೊಳೆದು, ಹೊಟ್ಟೆ ಉಬ್ಬಿದ ಎಮ್ಮೆಗೆ ಬಿದಿರಿನ ಗೊಟ್ಟದಲ್ಲಿ ಎಣ್ಣೆ ಕುಡಿಸಿ ಬಂದವನು. ಎತ್ತು ಒದ್ದ ಎಡಗಾಲಿನ ಕಿರುಬೆರಳು ಇವತ್ತಿಗೂ ಓರೆಯಾಗಿದೆ. ಇಂಥವನ ಬಗ್ಗೆ ಯಾರೂ ಬರೆಯುವುದಿಲ್ಲ. ಅವನ ಕಚೇರಿಯವರು ಮಾತ್ರ ಬರೆದಿದ್ದಾರೆ, ಎರಡು ಮೆಮೊ.

ಐವತ್ತೈದರ ಬೇಸಗೆಯಲ್ಲಿ ದೊಡ್ಡರೋಗಕ್ಕೆ ಹೊಸ ಚುಚ್ಚುಮದ್ದು ಬಂತು. ದೊಡ್ಡರೋಗ ಅಂದರೆ ಕೊಟ್ಟಿಗೆಗೆ ಕೊಟ್ಟಿಗೆಯನ್ನೇ ಬರಿದು ಮಾಡುವ ಕಾಯಿಲೆ. ಬಾಯಲ್ಲಿ ಹುಣ್ಣು, ಭೇದಿ, ವಾರದೊಳಗೆ ದನ ನೆಲಕ್ಕೆ. ಮದ್ದು ಒಳ್ಳೆಯದೇ, ಆದರೆ ಐಸಿನಲ್ಲೇ ಇರಬೇಕು. ಐಸು ಕರಗಿ ಮದ್ದು ಬೆಚ್ಚಗಾಯಿತೋ, ಮಣ್ಣಿಗೆ ಸುರಿಯಬೇಕು. ಕಚೇರಿ ಇರುವುದು ರಾಜಾಜಿನಗರದ ಹೊಸ ಬಡಾವಣೆಯ ಅಂಚಿನಲ್ಲಿ. ಅಲ್ಲಿಂದ ಸೈಕಲ್ಲಿನಲ್ಲಿ ಹೊರಟರೆ ಕೆಂಗೇರಿ ಮುಟ್ಟುವಷ್ಟರಲ್ಲಿ ಐಸು ಅರ್ಧ ನೀರು. ಅದರಾಚೆ ಹಳ್ಳಿಗಳು ಸಾಯಲಿ ಅಂತ ಬಿಡುವಂತಿಲ್ಲವಲ್ಲ, ಮಿಲಿಟರಿ ಹರಾಜಿನಲ್ಲಿ ಬಂದ ಹಳೆಯ ಇಂಗ್ಲಿಷ್ ಮೋಟಾರ್ ಸೈಕಲ್ಲೊಂದನ್ನು ಬೆಟ್ಟಯ್ಯನಿಗೆ ಕೊಟ್ಟರು. ಅವನು ಎರಡು ವಾರ ಮೈಸೂರು ರಸ್ತೆಯಲ್ಲಿ ಬಿದ್ದು ಎದ್ದು ಓಡಿಸುವುದು ಕಲಿತ.

ಗಾಡಿಯ ಜೊತೆ ಒಂದು ಕ್ಯಾನ್ವಾಸ್ ಚೀಲವೂ ಬಂದಿತ್ತು. ಅದರಲ್ಲಿ ಸ್ಪ್ಯಾನರುಗಳು, ಪ್ಲಗ್ ಬಿಚ್ಚುವ ಕೊಳವೆ, ಟೈರು ಎಬ್ಬುವ ಪಟ್ಟಿ, ಪಂಕ್ಚರ್ ಡಬ್ಬಿ ಎಲ್ಲ ಇತ್ತು. ಹೆಡ್ ಕ್ಲಾರ್ಕ್ ವೆಂಕಟಗಿರಿ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೆಟ್ಟಯ್ಯ ಹೋಗಿ ಕೇಳಿದ.

"ಸ್ವಾಮಿ, ಟೂಲ್ ಕಿಟ್ಟು."

"ಸ್ಟಾಕಿಗೆ ತಗೊಂಡಾಯ್ತಲ್ಲಯ್ಯ."

"ದಾರೀಲಿ ಗಾಡಿ ನಿಂತ್ರೆ?"

"ನಿಲ್ಲೋ ಹಾಗೆ ಯಾಕೆ ಓಡಿಸ್ತೀಯ? ಒಂದು ಸ್ಪ್ಯಾನರು ಕಳೆದುಹೋದ್ರೆ ಆಡಿಟ್‌ನೋರಿಗೆ ಉತ್ತರ ಹೇಳೋನು ನಾನು. ಗಾಡಿ ನಿನ್ನ ಜವಾಬ್ದಾರಿ, ಕಿಟ್ಟು ನನ್ನ ಜವಾಬ್ದಾರಿ. ಬೇಕಾದ್ರೆ ಅರ್ಜಿ ಬರ್ದು ಕೊಡು."

ಅರ್ಜಿ ಬರೆದುಕೊಟ್ಟ. ಆ ಅರ್ಜಿಗೆ ಈ ಹೊತ್ತಿನವರೆಗೂ ಉತ್ತರ ಬಂದಿಲ್ಲ.

ವೆಂಕಟಗಿರಿ ಲಂಚ ತಿನ್ನುವವರಲ್ಲ. ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಅವರು ಒಂದು ಗುಂಡುಪಿನ್ನನ್ನೂ ಮನೆಗೆ ಒಯ್ದವರಲ್ಲ. ನನ್ನ ಸಿಟ್ಟಿರುವುದೇ ಅಲ್ಲಿ. ಕಳ್ಳನಾಗಿದ್ದರೆ ಹಿಡಿದು ಕೊಡಬಹುದಿತ್ತು. ಸಾಮಾನು ಸವೆಯದೆ ಉಳಿದರೆ ಸಾಕು, ಅದರಿಂದ ಆಗಬೇಕಾದ ಕೆಲಸ ಹಾಳಾಗಿ ಹೋಗಲಿ ಅನ್ನುವ ಈ ಪ್ರಾಮಾಣಿಕತೆಯನ್ನು ಯಾವ ಪೊಲೀಸಿನವನು ಹಿಡಿಯುತ್ತಾನೆ?

ಏಪ್ರಿಲಿನಲ್ಲಿ ಒಂದು ದಿನ ಬೆಟ್ಟಯ್ಯ ರಾಮೋಹಳ್ಳಿ ಕಡೆಯ ಒಂದು ಹಳ್ಳಿಗೆ ಹೊರಟ. ಬೆಳಿಗ್ಗೆ ಎಂಟಕ್ಕೆ ಗುಂಡುತೋಪಿಗೆ ದನ ಹೊಡಕೊಂಡು ಬನ್ನಿ ಅಂತ ಹಿಂದಿನ ದಿನವೇ ತಮಟೆ ಹೊಡೆಸಿದ್ದರು. ಕೆಂಗೇರಿ ದಾಟಿ ಒಂದು ಮೈಲಿಗೆ ಗಾಡಿ ಕೆಮ್ಮಿ ನಿಂತಿತು. ಒದ್ದ, ತಳ್ಳಿದ, ಇಳಿಜಾರಿನಲ್ಲಿ ಓಡಿಸಿ ನೋಡಿದ. ಏನೂ ಆಗಲಿಲ್ಲ. ಪ್ಲಗ್ಗಿಗೆ ಮಸಿ ಹಿಡಿದಿದೆ ಎಂದು ಅವನಿಗೆ ಗೊತ್ತಿತ್ತು. ಬಿಚ್ಚಬೇಕು, ಬರಿಗೈಯಲ್ಲಿ ಹೇಗೆ ಬಿಚ್ಚುತ್ತಾನೆ? ನಾಲ್ಕು ಗಂಟೆ ಬಿಸಿಲಲ್ಲಿ ನಿಂತ ಮೇಲೆ ಒಬ್ಬ ಲಾರಿ ಡ್ರೈವರು ಬಂದು ನಿಲ್ಲಿಸಿದ. ತನ್ನ ಕೊಳವೆಯಿಂದ ಪ್ಲಗ್ ಬಿಚ್ಚಿ, ಚಾಕುವಿನಿಂದ ಕೆರೆದು, ತಿರುಗಿಸಿ ಹಾಕಿದ. ಮೊದಲ ಒದೆತಕ್ಕೇ ಗಾಡಿ ಎದ್ದಿತು.

"ಇಷ್ಟಕ್ಕೆ ಬೆಳಿಗ್ಗೆಯಿಂದ ನಿಂತಿದ್ರಾ ಅಣ್ಣ?" ಅಂತ ಕೇಳಿದನಂತೆ ಡ್ರೈವರು.

ಹತ್ತು ನಿಮಿಷದ ಕೆಲಸ. ಮದ್ದಿಟ್ಟಿದ್ದ ಐಸಿನ ಫ್ಲಾಸ್ಕಿನ ಮುಚ್ಚಳ ತೆಗೆದು ನೋಡಿದರೆ ಬೆಚ್ಚನೆಯ ನೀರು. ಬೆಟ್ಟಯ್ಯ ಮದ್ದನ್ನೆಲ್ಲ ರಸ್ತೆ ಬದಿಯ ಮಣ್ಣಿಗೆ ಸುರಿದು ಮುಚ್ಚಿ ವಾಪಸು ಬಂದ. ಅವನ ಮೊದಲನೇ ಮೆಮೊ ಅದಕ್ಕೆ: ಸರ್ಕಾರಿ ಔಷಧಿ ವ್ಯರ್ಥ ಮಾಡಿದ್ದೇಕೆ, ಸಮಜಾಯಿಷಿ ಕೊಡು.

ಎರಡು ವಾರದಲ್ಲಿ ಆ ಹಳ್ಳಿಗೆ ದೊಡ್ಡರೋಗ ಹೊಕ್ಕಿತು. ಲಿಂಗಮ್ಮ ಅಂತ ಒಬ್ಬ ವಿಧವೆ, ಒಂದು ಜೊತೆ ಎತ್ತು, ಒಂದು ಎಮ್ಮೆ ಇಟ್ಟುಕೊಂಡು ಬದುಕುತ್ತಿದ್ದವಳು. ಎತ್ತು ಎರಡೂ ಹೋದವು. ಬೆಟ್ಟಯ್ಯ ಮುಖ ತಗ್ಗಿಸಿಕೊಂಡು ಹೋದಾಗ ಅವಳು ಬೈಯಲಿಲ್ಲ. "ಸೈಕಲ್ಲಲ್ಲಿ ಬರ್ತಿದ್ದಾಗ ನಿನ್ನ ಹತ್ರ ಬರೀ ಗಾಯದ ಔಷಧಿ ಇತ್ತು ಕಣಪ್ಪ. ಆದ್ರೂ ಬರ್ತಿದ್ದೆ" ಅಂದಳು. ಆ ಮಾತು ಕೇಳಿಸಿಕೊಂಡು ಬಂದ ದಿನವೇ ಅವನು ತೀರ್ಮಾನ ಮಾಡಿದ, ತನ್ನ ಕಿಟ್ಟು ತಾನೇ ಕೂಡಿಸಿಕೊಳ್ಳುವುದೆಂದು.

ಅದೂ ಸಲೀಸಾಗಲಿಲ್ಲ. ಸಿಟಿ ಮಾರ್ಕೆಟ್ಟಿನ ಗುಜರಿ ಅಂಗಡಿಯವನು ಅಳತೆ ಕೇಳಿದ. ಇವನಿಗೆ ಅಳತೆ ಎಲ್ಲಿ ಗೊತ್ತು? ಮನೆಯಲ್ಲಿ ಬಿಸಿ ಮುದ್ದೆ ತಕ್ಕೊಂಡು ಹೋಗಿ ಒಂದೊಂದು ನಟ್ಟಿನ ಮೇಲೂ ಒತ್ತಿ ಅಚ್ಚು ತೆಗೆದ. ಹೆಂಡತಿ ಶಿವಕ್ಕ ಬಾಗಿಲಲ್ಲಿ ನಿಂತು ನೋಡಿದಳು.

"ನಮಗೆ ಒಂದೊಂದು, ಗಾಡಿಗೆ ಐದಾ?"

"ಅಳತೆ ಕಣೇ."

"ಸಾರೂ ಹಾಕ್ಲಾ?"

ಮಾರ್ಕೆಟ್ಟು ಮುಟ್ಟುವಷ್ಟರಲ್ಲಿ ಮುದ್ದೆ ಒಣಗಿ ಕುಗ್ಗಿತ್ತು. ತಂದ ಸ್ಪ್ಯಾನರುಗಳು ಒಂದೂ ನಟ್ಟಿಗೆ ಕೂರಲಿಲ್ಲ, ಎಲ್ಲ ಕೂದಲೆಳೆಯಷ್ಟು ಬಿಗಿ. ಎರಡು ಭಾನುವಾರ ಕೂತು ಅರದಲ್ಲಿ ಉಜ್ಜಿ ಉಜ್ಜಿ ಸರಿಮಾಡಿಕೊಂಡ. ಪ್ಲಗ್ಗಿಗೆ ನೀರಿನ ಪೈಪಿನ ತುಂಡೊಂದನ್ನು ಕಮ್ಮಾರನ ಹತ್ತಿರ ಬಡಿಸಿದ. ಟೈರು ಪಟ್ಟಿಗೆ ಮುರಿದ ಜೀಪಿನ ಸ್ಪ್ರಿಂಗ್ ಪಟ್ಟೆ. ಒಂದು ಹೆಚ್ಚಿನ ಪ್ಲಗ್ಗು, ಚೈನಿನ ಕೊಂಡಿ, ಕಟ್ಟುವ ತಂತಿ, ಮಸಿ ಉಜ್ಜುವ ಉಪ್ಪುಕಾಗದ. ಅಣಕಿಸಿದ ಶಿವಕ್ಕನೇ ಅವನ ಹಳೆಯ ಖಾಕಿ ಷರಟನ್ನು ಹರಿದು ಸಾಲು ಜೇಬು ಹೊಲಿದು ಸುರುಳಿ ಮಾಡಿಕೊಟ್ಟಳು. ಜೂನಿನಿಂದ ದಸರದವರೆಗೆ ಗಾಡಿ ಆರು ಸಲ ನಿಂತಿತು, ಆರೂ ಸಲ ಬೆಟ್ಟಯ್ಯ ಅದನ್ನು ಎಬ್ಬಿಸಿದ. ಒಂದು ತೊಟ್ಟು ಮದ್ದೂ ಮಣ್ಣಿಗೆ ಹೋಗಲಿಲ್ಲ. ಆದರೆ ಲಿಂಗಮ್ಮನ ಹಳ್ಳಿಯ ಸರದಿ ಮಾತ್ರ ಇನ್ನೂ ಬಂದಿರಲಿಲ್ಲ. ಒಂದು ಸಲ ತಪ್ಪಿಸಿಕೊಂಡ ಊರು ಪಟ್ಟಿಯ ಕೊನೆಗೆ ಹೋಗುತ್ತದೆ, ಅದು ಕಚೇರಿಯ ಕ್ರಮ.

ಆಯುಧಪೂಜೆಯ ಬೆಳಿಗ್ಗೆ ಕಚೇರಿಯ ಅಂಗಳದಲ್ಲಿ ಗಾಡಿಗೆ ಬಾಳೆಕಂದು ಕಟ್ಟಿದರು. ಡಾಕ್ಟರು ರಜದ ಮೇಲೆ ಊರಿಗೆ ಹೋಗಿದ್ದರು, ವೆಂಕಟಗಿರಿಯದೇ ಯಜಮಾನಿಕೆ. ಬೀರುವಿನ ಕಿಟ್ಟು ಅವತ್ತು ಹೊರಗೆ ಬಂತು, ಬಂದಂದಿನಿಂದ ಮೊದಲ ಸಲ ಗಾಳಿ ಕಾಣಲಿಕ್ಕೆ. ಹೊಳೆಯುವ ಸ್ಪ್ಯಾನರುಗಳಿಗೆ ಗಂಧ, ಕುಂಕುಮ, ಸೇವಂತಿಗೆ. ಪಕ್ಕದಲ್ಲಿ ಬೆಟ್ಟಯ್ಯನೂ ತನ್ನ ಖಾಕಿ ಸುರುಳಿ ಬಿಚ್ಚಿಟ್ಟ. ಮಂಗಳಾರತಿ ಆಯಿತು. ಆಗ ಗೇಟಿನಲ್ಲಿ ಲಿಂಗಮ್ಮ ನಿಂತಿದ್ದಳು. ಮೊದಲ ಬಸ್ಸಿಗೆ ಬಂದಿದ್ದಳು.

"ಪಕ್ಕದ ಮನೆ ಹಸೂಗೆ ಬಾಯಲ್ಲಿ ಹುಣ್ಣಾಗಿದೆ ಕಣಪ್ಪ. ನನ್ನ ಎಮ್ಮೇಗೆ ಇನ್ನೂ ಏನೂ ಇಲ್ಲ. ಇವತ್ತೇ ಬಂದ್ರೆ ಉಳಿಯುತ್ತೆ."

ಹಬ್ಬದ ನಂತರ ಹಳ್ಳಿ ಸುತ್ತುವುದಕ್ಕೆಂದು ಮದ್ದು, ಐಸು ಹಿಂದಿನ ದಿನವೇ ಬಂದಿತ್ತು. ಬೆಟ್ಟಯ್ಯ ಬಗ್ಗಿ ಸುರುಳಿಗೆ ಕೈ ಹಾಕಿದ.

"ಮುಟ್ಟಬೇಡ" ಅಂದರು ವೆಂಕಟಗಿರಿ. "ಪೂಜೆಗಿಟ್ಟ ಆಯುಧ. ನಾಳೆ ಪೂಜೆ ಮುಗಿಸಿ ಎತ್ಕೊಂಡು ಹೋಗು."

"ನಾಳೆಗೆ ಎಮ್ಮೆ ಇರುತ್ತಾ ಸ್ವಾಮಿ?" ಅಂತ ಲಿಂಗಮ್ಮ ಕೇಳಿದಳು.

"ನೋಡಮ್ಮ, ಇದು ಕಚೇರಿ. ನಿಮ್ಮೂರ ತೋಪಲ್ಲ."

"ನಮ್ಮ ತೋಪಲ್ಲಿ ಇಷ್ಟು ಹೂವು ಹಾಕಲ್ಲ, ನಿಜ."

ಬೆಟ್ಟಯ್ಯ ಸೇವಂತಿಗೆ ಪಕ್ಕಕ್ಕಿಟ್ಟ, ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡ, ಫ್ಲಾಸ್ಕಿಗೆ ಮದ್ದು, ಐಸು ತುಂಬಿದ. "ನೀವು ಬಸ್ಸಲ್ಲಿ ಬನ್ನಿ ಅಮ್ಮ" ಅಂದು ಗಾಡಿ ಒದ್ದ. ಕೆಂಗೇರಿ ಕೆರೆ ಹತ್ತಿರ ಗಾಡಿ ನಿಂತಿತು, ನಿಲ್ಲದೆ ಇರುತ್ತದೆಯೇ. ಇಳಿದ, ಪ್ಲಗ್ ಬಿಚ್ಚಿದ, ಉಪ್ಪುಕಾಗದದಲ್ಲಿ ಉಜ್ಜಿದ, ಹಾಕಿದ. ಅವನು ಊರು ಮುಟ್ಟಿದಾಗಲೂ ಐಸು ಕಲ್ಲಿನ ಹಾಗೆ ಇತ್ತಂತೆ. ಅರವತ್ತಮೂರು ದನಕ್ಕೆ ಸೂಜಿ ಹಾಕಿದ. ಕಾಯಿಲೆ ಹತ್ತಿದ್ದ ಹಸು ಸತ್ತಿತು. ಲಿಂಗಮ್ಮನ ಎಮ್ಮೆ ಉಳಿಯಿತು, ಉಳಿದವೂ ಉಳಿದವು.

ಎರಡನೇ ಮೆಮೊ ವಿಜಯದಶಮಿ ಕಳೆದ ಮೇಲೆ ಬಂತು. ಪೂಜೆಯ ಸಾಮಾನು ಮುಟ್ಟಿದ ಎಂದು ಸರ್ಕಾರಿ ಕಾಗದದಲ್ಲಿ ಬರೆಯಲಿಕ್ಕೆ ವೆಂಕಟಗಿರಿಯವರಿಗೂ ನಾಚಿಕೆಯಾಗಿರಬೇಕು. ಬೇರೆ ಬರೆದರು: ರಜಾ ದಿನ ಅಪ್ಪಣೆಯಿಲ್ಲದೆ ಸರ್ಕಾರಿ ವಾಹನ ಓಡಿಸಿದ್ದು, ಮತ್ತು ಅದಕ್ಕೆ ಖಾಸಗಿ ಸ್ಪ್ಯಾನರು ಉಪಯೋಗಿಸಿದ್ದು. ಬೆಟ್ಟಯ್ಯ ಉತ್ತರದಲ್ಲಿ ಅರವತ್ತಮೂರು ದನಗಳ ಯಜಮಾನರ ಹೆಸರು ಬರೆದುಕೊಟ್ಟ. ಕೇಳಿದ್ದಕ್ಕೆ ಇದು ಉತ್ತರವಲ್ಲ ಎಂದು ವಾಪಸು ಬಂತು. ವಿಚಾರಣೆ ಮುಗಿಯುವವರೆಗೆ ಗಾಡಿ ಷೆಡ್ಡಿನಲ್ಲಿರಲಿ ಎಂದು ಆಜ್ಞೆಯಾಯಿತು. ವಿಚಾರಣೆ ಶುರುವಾಗಿ ಹದಿನಾಲ್ಕು ತಿಂಗಳಾಗಿದೆ.

ಕಳೆದ ಸೋಮವಾರ ಮೈಸೂರು ರಸ್ತೆಯಲ್ಲಿ ಅವನು ಸಿಕ್ಕಿದ. ಬೈಸಿಕಲ್ಲು, ಹಿಂದಿನ ಕ್ಯಾರಿಯರಿಗೆ ಗೋಣಿ ಸುತ್ತಿದ ಫ್ಲಾಸ್ಕು. ಬಿಸಿಲು ಆಗಲೇ ಏರಿತ್ತು. ಎಲ್ಲಿವರೆಗೆ ಸವಾರಿ ಅಂತ ಕೇಳಿದೆ.

"ಕೆಂಗೇರಿ" ಅಂದ.

"ಅದರಾಚೆ?"

"ಅದರಾಚೆಯೋರು ಕೇಳ್ತಾನೇ ಇದಾರೆ ಸ್ವಾಮಿ" ಅಂದು ಪೆಡಲ್ ತುಳಿದ. ಮಾತಾಡುತ್ತ ನಿಂತರೆ ಐಸು ಕರಗುತ್ತದೆ.