ಅಕ್ಕಿ ಚೀಲದ ಮೇಲೆ ಬರೆದ ನನ್ನ ಹೆಸರು

ಕರ್ತನಲ್ಲಿ ಪ್ರಿಯರೇ, ಕಳೆದುಹೋಗಿದ್ದ ನನ್ನ ಗಂಡ ಸಿಕ್ಕಿದ್ದನ್ನು ಕೇಳಿ ನೀವೆಲ್ಲ ಸ್ತೋತ್ರ ಹೇಳಿದಿರಿ. ನಾನು ಆವತ್ತು ಹೇಳಿದ್ದು ಅರ್ಧ ಮಾತ್ರ. ಉಳಿದದ್ದನ್ನು ನುಂಗಿಕೊಂಡು ಪ್ರಾರ್ಥನೆಗೆ ಕೂರಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ತರೀಕೆರೆ ಸಭೆಯಲ್ಲಿ ಹೆಂಗಸರು ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಅಕ್ಕಿ ಬಡವರಿಗೆಂದು ಡಬ್ಬಿಗೆ ಹಾಕುತ್ತೇವೆ. ಒಂದೊಂದು ಮನೆಯ ಡಬ್ಬಿ ಒಂದೊಂದು ಬಡ ಕುಟುಂಬಕ್ಕೆ. ನಾವು ಉಣ್ಣುವ ಅಕ್ಕಿಯನ್ನೇ ಹಾಕಬೇಕೆಂಬುದು ಹಿರಿಯರ ಪದ್ಧತಿ. ನಾವು ಉಣ್ಣುವುದು ಸೋನಾ ಮಸೂರಿ. ನಾನು ಹಾಕುತ್ತಿದ್ದುದು ಮೂಲೆಯಲ್ಲಿ ಹುಳ ಹಿಡಿದಿದ್ದ ರೇಷನ್ ಅಕ್ಕಿ. ದಾನದ ಹಸುವಿನ ಹಲ್ಲು ಎಣಿಸಬಾರದು ಅನ್ನುತ್ತಾರೆ. ನಾನು ಹಲ್ಲಿಲ್ಲದ ಹಸುವನ್ನೇ ಹುಡುಕಿ ಕೊಡುವವಳು.

ನನ್ನ ಪಾಲಿಗೆ ಬಂದವಳು ಅಜ್ಜಂಪುರದ ಮಂಜಮ್ಮ. ಗಂಡ ತೀರಿಕೊಂಡಿದ್ದಾನೆ, ಈರುಳ್ಳಿ ಹೊಲದಲ್ಲಿ ಕೂಲಿ. ಪಾಸ್ಟರ್ ಅಯ್ಯನವರು, "ಎಸ್ತರಮ್ಮ, ನೀವೇ ಹೋಗಿ ಕೊಟ್ಟು, ಎರಡು ಮಾತಾಡ್ಸಿ ಬನ್ನಿ. ಕರ್ತ ನಿಮ್ಮನ್ನೇ ಕರೀತಿದ್ದಾನೆ ಅನ್ಸುತ್ತೆ" ಎಂದರು. "ಮಂಡಿನೋವು ಅಯ್ಯನೋರೆ" ಎಂದೆ. ಸೀರೆ ಅಂಗಡಿ ಸುತ್ತುವಾಗ ಆ ಮಂಡಿಗೆ ಏನೂ ಆಗುತ್ತಿರಲಿಲ್ಲ. ತರಕಾರಿ ಆಟೋದವನ ಕೈಯಲ್ಲಿ ತಿಂಗಳಿಗೊಂದು ಚೀಲ ಕಳಿಸಿಬಿಡುತ್ತಿದ್ದೆ. ಕೊಟ್ಟವರು ಯಾರೆಂದು ಗೊತ್ತಾಗಲಿ ಎಂದು ಚೀಲದ ಮೇಲೆ ಸಭೆಯ ಹೆಸರು, ನನ್ನ ಹೆಸರು, ಫೋನ್ ನಂಬರು ದಪ್ಪಗೆ ಬರೆಯುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಗಂಡನನ್ನು ಕಡೂರಿನ ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಲಕ್ವ ಹೊಡೆದ ಮೇಲೆ ಅವರಿಗೆ ನೆನಪು ಕೈಕೊಡುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿ, "ಇಲ್ಲೇ ಇರಿ" ಎಂದು ಹೇಳಿ ಮಾತ್ರೆ ತರಲು ಹೋದೆ. ಬಂದು ನೋಡಿದರೆ ಬೆಂಚು ಖಾಲಿ!

ಸ್ಟ್ಯಾಂಡು, ರೈಲ್ವೆ ಸ್ಟೇಷನ್, ಹೋಟೆಲುಗಳು ಎಲ್ಲ ಹುಡುಕಿದೆ. ಪೊಲೀಸರಿಗೂ ಹೇಳಿದೆ. ಮೂರು ಗಂಟೆಯಾದರೂ ಸುಳಿವಿಲ್ಲ. ಅವರು ಕೂತಿದ್ದ ಬೆಂಚಿನ ಮೇಲೇ ಕುಸಿದು ಪ್ರಾರ್ಥಿಸಲು ಕಣ್ಣು ಮುಚ್ಚಿದರೆ, ಆ ಹುಳದ ಅಕ್ಕಿ ಕಣ್ಣ ಮುಂದೆ ಬಂತು. ಯಾವ ಮುಖ ಇಟ್ಟುಕೊಂಡು ಕೇಳಲಿ? ಆದರೂ ಕೇಳಿದೆ. "ಕರ್ತನೇ, ಅವರನ್ನು ಕೊಡು. ನೀನು ಹೇಳಿದ ಕಡೆ ಹೋಗ್ತೀನಿ."

ಐದರ ಸುಮಾರಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಅಕ್ಕಾ, ನಾನು ಅಜ್ಜಂಪುರದ ಮಂಜಿ, ನೀವು ಅಕ್ಕಿ ಕಳಿಸ್ತೀರಲ್ಲ, ಅವ್ಳು. ಇಲ್ಲೊಬ್ರು ಯಜಮಾನ್ರು ಬಸ್ ಇಳ್ದು ಬಿಸ್ಲಲ್ಲಿ ಕೂತಿದ್ರು. ಹೆಸ್ರು ಕೇಳಿದ್ರೆ ಯೇಸಪ್ಪಾ ಯೇಸಪ್ಪಾ ಅಂತಾರೆ. ನಿಮ್ಮ ಸಭೆಯೋರೇನೋ ಅಂತ ಚೀಲದ ಮೇಲಿನ ನಂಬರ್‌ಗೆ ಮಾಡ್ದೆ ಕಣಕ್ಕಾ."

ನಾನು ಅಜ್ಜಂಪುರ ಮುಟ್ಟಿದಾಗ ನನ್ನ ಗಂಡ ಅವಳ ಮನೆಯ ಚಾಪೆಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದರು. ಪಕ್ಕದಲ್ಲಿ ಮೊರ, ಅದರ ತುದಿಯಲ್ಲಿ ಆರಿಸಿ ತೆಗೆದ ಹುಳುಗಳ ಸಣ್ಣ ಗುಡ್ಡೆ. ಮಂಜಮ್ಮ ನನಗೂ ಬಟ್ಟಲು ಕೊಟ್ಟಳು. ಅಷ್ಟು ದಿನ ಕಳಿಸಿದ ಅಕ್ಕಿಯ ಗಂಜಿಯನ್ನು ಮೊದಲ ಸಲ ನಾನೇ ಕುಡಿದೆ. ಮುಗ್ಗಲು ವಾಸನೆ ಹೊಡೆಯುತ್ತಿತ್ತು. ನಾಚಿಕೆಯಿಂದ ತಲೆ ಎತ್ತದೆ ಬಟ್ಟಲು ಖಾಲಿ ಮಾಡಿದೆ.

ಆವತ್ತು ಏನೂ ಹೇಳದೆ ಬಂದುಬಿಟ್ಟೆ. ಮುಂದಿನ ವಾರ ನಮ್ಮ ಮನೆಯ ಅಕ್ಕಿಯನ್ನೇ ಹೊತ್ತು ಬಸ್ಸಿನಲ್ಲಿ ಹೋಗಿ, ಅತ್ತು, ಎಲ್ಲ ಹೇಳಿದೆ. ಅವಳು ಈರುಳ್ಳಿ ಬಿಡಿಸುತ್ತಲೇ ಅಂದಳು: "ಗೊತ್ತಿತ್ತು ಕಣಕ್ಕಾ. ಅಣ್ಣೋರು ಗಂಜಿ ಬಾಯಿಗಿಟ್ಟೋರೇ 'ನಮ್ಮನೆ ಅಕ್ಕಿ ಹಿಂಗಿರಲ್ಲ' ಅಂದ್ರು."

ಎಲ್ಲ ಮರೆತ ಮನುಷ್ಯ ಅದೊಂದನ್ನು ಮರೆತಿರಲಿಲ್ಲ.

ನನ್ನ ಜಂಬದ ಬರಹವನ್ನೇ ದಾರಿ ಮಾಡಿಕೊಂಡು ಗಂಡನನ್ನು ಮರಳಿ ಕೊಟ್ಟ ಕರ್ತನಿಗೆ ಸ್ತೋತ್ರ. ಈಗ ಪ್ರತಿ ಗುರುವಾರ ಅಜ್ಜಂಪುರಕ್ಕೆ ಹೋಗುತ್ತೇನೆ, ಮಂಡಿ ನೋಯುತ್ತದೆ, ಈ ಸಲ ನಿಜವಾಗಿಯೂ. ಚೀಲದ ಮೇಲೆ ಏನೂ ಬರೆಯುವುದಿಲ್ಲ. ನನಗಾಗಿ ಪ್ರಾರ್ಥಿಸಿ. ಆಮೇಲೆ, ದಯವಿಟ್ಟು, ನಿಮ್ಮ ಡಬ್ಬಿಯನ್ನೂ ಒಮ್ಮೆ ತೆರೆದು ನೋಡಿ.