ಹುಳದ ಮನೆಯ ಹಿಂದೆ ಕೇಳಿದ ರಾಕ್

ಈಗ ಯಾರನ್ನು ಕೇಳಿದರೂ ತೊಂಬತ್ತರ ದಶಕದ ಆಲ್ಟರ್ನೇಟಿವ್ ರಾಕ್ ಕೇಳಿಕೊಂಡೇ ಬೆಳೆದವರು. ಫೋನು ತೆಗೆದರೆ ದಿನಕ್ಕೊಬ್ಬರು ಬರೆದಿರುತ್ತಾರೆ: ಆ ಆಲ್ಬಂ ಮತ್ತೆ ಕೇಳಿದೆ, ಹಾಸ್ಟೆಲಿನ ಕೋಣೆ ನೆನಪಾಯಿತು, ಕಣ್ಣು ತುಂಬಿ ಬಂತು. ನಾನೂ ಮತ್ತೆ ಕೇಳಿದೆ. ಚಿಕ್ಕಬಳ್ಳಾಪುರದ ನಮ್ಮ ಮನೆಯ ಅಡುಗೆ ಕೋಣೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತು ಮೂರು ಆಲ್ಬಂ ಕೇಳಿ ಮುಗಿಸಿದೆ. ನನಗೆ ಕಣ್ಣು ತುಂಬಲಿಲ್ಲ. ಮೈಯೆಲ್ಲ ಉರಿಯಿತು. ಆ ಹಾಡುಗಳ ಹೆಸರು ಹೇಳಿ ನನ್ನ ಬಿ.ಎಸ್ಸಿ. ಬಿಡಿಸಿದರು. ಅದು ಸುಳ್ಳು ಎಂದು ಬಿಡಿಸಿದವರಿಗೂ ಗೊತ್ತಿತ್ತು, ನೋಡುತ್ತಾ ನಿಂತವರಿಗೂ ಗೊತ್ತಿತ್ತು. ಇಷ್ಟು ವರ್ಷವಾದರೂ ಒಬ್ಬರ ಬಾಯಿಂದಲೂ ಆ ಮಾತು ಬಂದಿರಲಿಲ್ಲ. ಬರಲಿ ಎಂದೇ ನಾನು ಕಾದಿದ್ದೆ.

ನಮ್ಮೂರು ಚಿಂತಾಮಣಿ ತಾಲ್ಲೂಕಿನಲ್ಲಿ, ಕೆಂಚಾರ್ಲಹಳ್ಳಿಗೆ ಹತ್ತಿರ. ಮನೆ ತುಂಬ ರೇಷ್ಮೆ ಹುಳ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಾನು ಚಿಂತಾಮಣಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಮ್ಮ ಮನೆಯಲ್ಲಿ ಡಿಗ್ರಿಗೆ ಸೇರಿದ ಮೊದಲ ಹೆಣ್ಣು ನಾನೇ. ಬಿ.ಎಸ್ಸಿ. ಮುಗಿಸಬೇಕು, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಬೇಕು. ಬೇರೆ ಆಸೆಯೇ ಇರಲಿಲ್ಲ. ಅಪ್ಪ ಹೂಂ ಅಂದಿದ್ದರು. ಮನೆ ನಡೆಸುತ್ತಿದ್ದ ಚಿಕ್ಕಪ್ಪ ಹೂಂ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. "ನೋಡಣ" ಅಂದಿದ್ದರು. ಚಿಕ್ಕಪ್ಪನಿಗೆ ಬಹುವಚನ ಹಚ್ಚಿ ಬರೆಯುತ್ತಿದ್ದೇನೆ. ಎಷ್ಟು ಸಿಟ್ಟಿದ್ದರೂ ಆ ಅಭ್ಯಾಸ ಮಾತ್ರ ಹೋಗಿಲ್ಲ, ಏನು ಮಾಡಲಿ.

ಹಾಡುಗಳು ಬಂದಿದ್ದು ಅಲೀಪುರದಿಂದ. ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಆ ಊರಿನವಳು, ಚಿಂತಾಮಣಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಅವಳಣ್ಣ ಹರಳಿನ ವ್ಯಾಪಾರಕ್ಕೆ ಹೊರದೇಶಕ್ಕೆ ಹೋಗಿಬರುವಾಗ ಕ್ಯಾಸೆಟ್ ತರುತ್ತಿದ್ದ. ಅವು ಬಂದು ಎಷ್ಟೋ ವರ್ಷವಾಗಿದ್ದ ಹಾಡುಗಳು, ನಮಗೆ ಹೊಸವು. ಆಲ್ಟರ್ನೇಟಿವ್ ರಾಕ್ ಎಂಬ ಹೆಸರೂ ನಮಗೆ ಗೊತ್ತಿರಲಿಲ್ಲ, ಇಂಗ್ಲಿಷ್ ಹಾಡು ಅನ್ನುತ್ತಿದ್ದೆವು ಅಷ್ಟೇ. "ಇವರು ಯಾರ ಮೇಲೋ ಸಿಟ್ಟಲ್ಲಿದಾರೆ ಕಣೇ. ಯಾರ ಮೇಲೆ ಅಂತ ಅವರಿಗೂ ಗೊತ್ತಿಲ್ಲ" ಎಂದು ಅವಳು ಮೊದಲ ಕ್ಯಾಸೆಟ್ ನನ್ನ ಕೈಗಿಟ್ಟಳು. ಅದನ್ನು ಬಸ್ ನಿಲ್ದಾಣದ ಹತ್ತಿರದ ರೆಕಾರ್ಡಿಂಗ್ ಅಂಗಡಿಗೆ ಕೊಟ್ಟು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡೆ. ಅಂಗಡಿಯಾತ ಹೆಡ್‌ಫೋನ್ ಕಿತ್ತು ಪಕ್ಕಕ್ಕಿಟ್ಟು, "ಇವೇಂ ಪಾಟಲಮ್ಮಾ, ಮಿಷನ್ ಚೆಡಿಪೋಯಿಂದನುಕುನ್ನಾನು" ಎಂದ. ಮಿಷನ್ನೇ ಕೆಟ್ಟುಹೋಯಿತು ಅಂದುಕೊಂಡನಂತೆ.

ಕೇಳುವುದಕ್ಕೆ ಹೊತ್ತು ಬೇಕಲ್ಲ. ರೇಷ್ಮೆ ಸಾಕುವ ಮನೆಯ ಹೆಣ್ಣಿಗೆ ಹೊತ್ತು ಎಲ್ಲಿಂದ ಬರಬೇಕು? ಬೆಳಗ್ಗೆ ಬಸ್ಸಿಗೆ ಮುಂಚೆ ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕು, ಸಂಜೆ ಬಂದ ಮೇಲೆ ಕತ್ತರಿಸಬೇಕು, ಹುಳದ ತಟ್ಟೆಯ ಹಿಕ್ಕೆ ತೆಗೆಯಬೇಕು. ಆದರೆ ತಿಂಗಳಿಗೆ ಮೂರು ದಿನ ನಾನು ಯಾವ ಕೆಲಸಕ್ಕೂ ಬಾರದವಳು. ಮುಟ್ಟಾದವಳು ಹುಳದ ಮನೆಯ ಬಾಗಿಲ ಕಡೆ ಸುಳಿಯಬಾರದು, ನೆರಳು ಬಿದ್ದರೆ ಹುಳಕ್ಕೆ ಆಗುವುದಿಲ್ಲ ಎಂಬ ನಂಬಿಕೆ. ಹಿತ್ತಲಿನ ಸೌದೆ ಕೊಟ್ಟಿಗೆಯ ಜಗಲಿಯಲ್ಲಿ ಕೂರಬೇಕು, ಕಾಲೇಜಿನಿಂದ ಬಂದರೂ ಹಿಂದಿನಿಂದಲೇ ಬರಬೇಕು. ಅನ್ನವನ್ನು ದೂರದಿಂದ ಬಡಿಸುತ್ತಿದ್ದರು. ಅಪ್ಪನ ಹಳೆಯ ಟೇಪ್ ರೆಕಾರ್ಡರ್ ಅನ್ನು ಆ ಮೂರು ದಿನ ನಾನು ಇಟ್ಟುಕೊಳ್ಳುತ್ತಿದ್ದೆ. ನಾನು ಮುಟ್ಟಿದ್ದನ್ನು ಯಾರೂ ಮುಟ್ಟುವಂತಿಲ್ಲವಾದ್ದರಿಂದ ಅದನ್ನು ಕಿತ್ತುಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಕಿತ್ತುಕೊಂಡರೆ ತಲೆಗೆ ಸ್ನಾನ ಮಾಡಬೇಕಿತ್ತು. ಹೀಗೆ ನಾನು ತಿಂಗಳಿಗೆ ಮೂರು ದಿನದಂತೆ ಒಂದು ದಶಕದ ರಾಕ್ ಸಂಗೀತ ಕೇಳಿದೆ. ಹಾಸ್ಟೆಲ್ ಕೋಣೆಯ ನೆನಪು ಬರೆಯುವವರು ಇದನ್ನೂ ಒಂದಿಷ್ಟು ಬರೆದುಕೊಳ್ಳಲಿ.

ಮೊದಲನೆಯ ಕ್ಯಾಸೆಟ್ಟಿನವನು ನಾಲ್ಕು ಸಾಲು ಗೊಣಗಿ ಐದನೆಯದಕ್ಕೆ ಅರಚುತ್ತಿದ್ದ. ಆಗ ಅವನೆಂದರೆ ನನಗೆ ಪ್ರಾಣ. ಮೊನ್ನೆ ಕೇಳಿದರೆ ನಗು ಬಂತು. ಅಪ್ಪ ಸರಿಯಾಗಿ ಮಾತಾಡಿಸಲಿಲ್ಲ, ಊರು ಬೇಜಾರು, ಯಾರಿಗೂ ನಾನು ಅರ್ಥವಾಗಲಿಲ್ಲ: ಇಷ್ಟೇ ಅವನ ಗೋಳು. ಅರಚುವುದಕ್ಕೆ ಅವನಿಗೊಂದು ಗ್ಯಾರೇಜು, ಜೊತೆಗೆ ಡ್ರಮ್ಮು ಬಾರಿಸುವ ಗೆಳೆಯ, ಮೇಲೆ ಅದನ್ನು ದುಡ್ಡು ಕೊಟ್ಟು ಕೇಳುವ ಲೋಕ. ಪುಣ್ಯವಂತ! ಎರಡನೆಯದು ಚಳಿದೇಶದ ಯಾವುದೋ ಬ್ಯಾಂಡು. ಗಿಟಾರು ಉದ್ದಕ್ಕೂ ಅಳುತ್ತಿತ್ತು. ನನ್ನ ಟೇಪಿನ ಸೆಲ್ಲುಗಳು ಯಾವಾಗಲೂ ಸಾಯುತ್ತಿದ್ದವು, ಬಿಸಿಲಿಗಿಟ್ಟು ಕಾಯಿಸಿ ಹಾಕುತ್ತಿದ್ದೆ, ಹಾಗಾಗಿ ಆ ಹಾಡುಗಳೆಲ್ಲ ಎಳೆದೆಳೆದು ಬರುತ್ತಿದ್ದವು. ಫೋನಿನಲ್ಲಿ ಈಗ ಅವು ಅವಸರದಲ್ಲಿ ಓಡುತ್ತವೆ. ಇದು ಆ ಆಲ್ಬಮ್ಮೇ ಅಲ್ಲ ಅನಿಸಿ ಅರ್ಧಕ್ಕೆ ಬಿಡಬೇಕೆಂದಿದ್ದೆ, ಹಟಕ್ಕೆ ಕೇಳಿದೆ. ಮೂರನೆಯದರಲ್ಲಿ ಹೆಂಗಸೊಬ್ಬಳು ಹಾಡುತ್ತಿದ್ದಳು. ದನಿಯನ್ನು ಸಿಹಿ ಮಾಡಬೇಕೆಂಬ ಯೋಚನೆಯೇ ಅವಳಿಗೆ ಇರಲಿಲ್ಲ. ಹೆಣ್ಣು ಹಾಗೆ ಹಾಡಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. ಅವಳೊಬ್ಬಳು ಮಾತ್ರ ಇವತ್ತಿಗೂ ಹಳಸಿಲ್ಲ. ಆ ದಿನ ಟೇಪಿನಲ್ಲಿದ್ದದ್ದೂ ಅವಳೇ.

ಅದು ನನ್ನ ಎರಡನೆಯ ವರ್ಷದ ಕೊನೆ. ಕಾಲೇಜಿಗೆ ರಜೆ, ನಾನು ಜಗಲಿಯಲ್ಲಿ. ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಸೊಪ್ಪು ಬಿಟ್ಟು ಮಲಗಿ ಪೊರೆ ಕಳಚುತ್ತದೆ; ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಆ ಸಲ ನಮ್ಮ ತೋಟದ ಸೊಪ್ಪು ಮುಗಿದು, ಚಿಕ್ಕಪ್ಪ ಬೆಳಗ್ಗೆಯೇ ಹೋಗಿ ಶಿಡ್ಲಘಟ್ಟದ ದಾರಿಯಲ್ಲಿ ಪರಿಚಯದವರ ತೋಟದಿಂದ ಒಂದು ಟೆಂಪೊ ಸೊಪ್ಪು ಹೇರಿಸಿಕೊಂಡು ಬಂದರು. ಆ ಸೊಪ್ಪಿನ ತೋಟಕ್ಕೂ ಪಕ್ಕದ ದ್ರಾಕ್ಷಿ ತೋಟಕ್ಕೂ ನಡುವೆ ಒಂದು ಬದು ಮಾತ್ರ. ದ್ರಾಕ್ಷಿಗೆ ಔಷಧಿ ಹೊಡೆಯದ ವಾರವಿರುವುದಿಲ್ಲ. ಗಾಳಿ ಯಾವ ಕಡೆಗಿತ್ತು, ಯಾವತ್ತು ಹೊಡೆದರು ಎಂದು ಕೇಳಿ ತಿಳಿದುಕೊಂಡೇ ಆ ಕಡೆಯ ಸೊಪ್ಪು ಕೊಯ್ಯುವುದು ನಮ್ಮಲ್ಲಿ ಪದ್ಧತಿ. ಚಿಕ್ಕಪ್ಪ ಕೇಳಲಿಲ್ಲ. ಅವರು ಯಾರನ್ನೂ ಏನನ್ನೂ ಕೇಳುವವರಲ್ಲ.

ಮಧ್ಯಾಹ್ನದ ಹೊತ್ತಿಗೆ ಒಳಗೆ ಗದ್ದಲವಾಯಿತು. ಹುಳಗಳು ಸೊಪ್ಪು ಬಿಟ್ಟು ತಲೆ ಎತ್ತಿ ತೂಗುತ್ತಿದ್ದವು, ಹಸಿರು ನೀರು ಕಕ್ಕುತ್ತಿದ್ದವು. ರೇಷ್ಮೆ ಮನೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು, ಅದು ರೋಗವಲ್ಲ, ಸೊಪ್ಪಿನ ಮೇಲಿನ ಔಷಧಿ. ಅಮ್ಮ ಒಂದು ಹಿಡಿ ಸೊಪ್ಪು ತೆಗೆದುಕೊಂಡು ಹಿತ್ತಲಿಗೆ ಬಂದಳು. ಬೆಳಕಿಗೆ ಹಿಡಿದಳು, ಮೂಗಿನ ಹತ್ತಿರ ತಂದಳು. ಮುಖ ಕಿವುಚಿದಳು. ನಾನು ಜಗಲಿಯಿಂದ ನೋಡುತ್ತಿದ್ದೇನೆ ಎಂಬುದೂ ಅವಳಿಗೆ ಗೊತ್ತು. ಅಷ್ಟರಲ್ಲಿ ಚಿಕ್ಕಪ್ಪ ಹಿಂದೆಯೇ ಬಂದರು. ಅಮ್ಮ ಆ ಸೊಪ್ಪನ್ನು ಹಿತ್ತಲ ಕಸದ ಗುಂಡಿಗೆ ಹಾಕಿ ಸೆರಗಿಗೆ ಕೈ ಒರೆಸಿಕೊಂಡಳು.

ಚಿಕ್ಕಪ್ಪ ಜಗಲಿಯ ಕಡೆ ತಿರುಗಿದರು. ಟೇಪಿನಲ್ಲಿ ಆ ಹೆಂಗಸು ಹಾಡುತ್ತಿದ್ದಳು.

"ಆರ್ಸೇ ಅದನ್ನ! ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತಲ್ಲಿ ಈ ದೆವ್ವದ ಅರಚಾಟ ಹಾಕ್ಕೊಂಡು ಕೂತಿದೀಯಲ್ಲ, ಅದೂ ಈ ಸ್ಥಿತೀಲಿ. ಹುಳ ಉಳೀತಾವಾ?"

"ಸೊಪ್ಪು ಎಲ್ಲಿಂದ ತಂದ್ರಿ ಚಿಕ್ಕಪ್ಪ? ದ್ರಾಕ್ಷಿ ತೋಟದ ಪಕ್ಕದ್ದು ತಾನೇ? ಅಮ್ಮನ್ನ ಕೇಳಿ."

ಅವರು ಅಮ್ಮನನ್ನು ಕೇಳಲಿಲ್ಲ. ಅಮ್ಮ ಹೇಳಲೂ ಇಲ್ಲ. "ಸುಮ್ನಿರೇ" ಎಂದಳು, ನನಗೆ! ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರಲ್ಲ, ಆ ಬಣ್ಣ ಉಳಿಸಲು ನನ್ನ ಬಾಯಿ ಮುಚ್ಚಿಸಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಕಟ್ಟಿದವನು ನಮ್ಮ ಹಿತ್ತಲಲ್ಲೇ ನಿಂತಿದ್ದಿರಬೇಕು. ಬೇಲಿಯಾಚೆಯಿಂದ ಇಣುಕಿದ ಅಕ್ಕಪಕ್ಕದವರೂ "ಅಯ್ಯೋ, ಇಂಥ ಹೊತ್ತಲ್ಲಿ ಹಾಡು ಹಾಕ್ತಾರಾ" ಅಂದರು. ಅವರ ಮನೆಯಲ್ಲೂ ಹುಳವಿದೆ, ಅವರೂ ಹಸಿರು ನೀರು ಕಂಡವರೇ. ಆದರೆ ಚಿಕ್ಕಪ್ಪ ಕೆಟ್ಟ ಸೊಪ್ಪು ತಂದರು ಎಂದು ಅವರೆದುರಿಗೆ ಹೇಳುವುದಕ್ಕಿಂತ, ಹುಡುಗಿ ಹಾಡು ಹಾಕಿದಳು ಎನ್ನುವುದು ಎಲ್ಲರಿಗೂ ಸಲೀಸಾಗಿತ್ತು.

ನಾನು ಮುಟ್ಟಿದ್ದ ಕ್ಯಾಸೆಟ್ಟುಗಳನ್ನು ಚಿಕ್ಕಪ್ಪ ಕೈಯಲ್ಲಿ ಮುಟ್ಟಲಿಲ್ಲ. ಸೌದೆಯ ಕೋಲಿನಲ್ಲಿ ಒಂದೊಂದಾಗಿ ತಳ್ಳಿ ಗುಂಡಿಗೆ ಬೀಳಿಸಿದರು. ಅದರ ಮೇಲೆ ತಟ್ಟೆ ತಟ್ಟೆ ಸತ್ತ ಹುಳ ಬಿತ್ತು, ಅದರ ಮೇಲೆ ಸುಣ್ಣ. ಸಂಜೆ ಅಪ್ಪ ಬಂದಾಗ ಚಿಕ್ಕಪ್ಪ ಜಗಲಿಗೆ ಕೇಳಿಸುವಂತೆ ಹೇಳಿದರು: "ಅಣ್ಣಾ, ಕಾಲೇಜು ಗೀಲೇಜು ಸಾಕು. ಇದೆಲ್ಲ ಅಲ್ಲಿಂದ್ಲೇ ಬಂದಿದ್ದು." ಅಪ್ಪ ತಲೆ ತಗ್ಗಿಸಿದರು. ನಾನು ಜಗಲಿಯಿಂದ ಕೂಗಾಡಿದೆ, ಅಳುತ್ತಾ ಊಟ ಬಿಟ್ಟೆ. ಮುಂದಿನ ವರ್ಷದ ಫೀಸು ಕಟ್ಟಲಿಲ್ಲ. ಅಲೀಪುರದವಳು ಬಸ್ಸು ಹತ್ತಿ ನಮ್ಮ ಮನೆಗೇ ಬಂದು ಅಪ್ಪನನ್ನು ಕೇಳಿಕೊಂಡಳು. ಅವಳಿಗೆ ಅಂಗಳದಲ್ಲೇ ಮಜ್ಜಿಗೆ ಕೊಟ್ಟು ಕಳಿಸಿದರು. ಅವಳು ಡಿಗ್ರಿ ಮುಗಿಸಿದಳು. ನನಗೆ ಮಂಚೇನಹಳ್ಳಿಗೆ ಮದುವೆ ಮಾಡಿದರು, ಗಂಡ ಒಳ್ಳೆಯವನು, ಆಮೇಲೆ ಚಿಕ್ಕಬಳ್ಳಾಪುರಕ್ಕೆ ಬಂದೆವು. ಒಳ್ಳೆಯ ಗಂಡ ಸಿಕ್ಕಿದನಲ್ಲ, ಇನ್ನೇನು ಬೇಕು ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ.

ಮೊನ್ನೆ ಆ ಮೂರು ಆಲ್ಬಂ ಕೇಳಿ ಮುಗಿಸಿದ ಮರುದಿನವೇ ಬಸ್ಸು ಹತ್ತಿ ಊರಿಗೆ ಹೋದೆ. ಅಪ್ಪ ಈಗಿಲ್ಲ. ಅಮ್ಮ ಅದೇ ಮನೆಯಲ್ಲಿ, ಚಿಕ್ಕಪ್ಪನವರ ಜೊತೆಗೇ ಇದ್ದಾಳೆ. ಹುಳ ಸಾಕುವುದು ಈಗ ತೋಟದಲ್ಲಿ ಕಟ್ಟಿಸಿದ ಹೊಸ ಶೆಡ್ಡಿನಲ್ಲಿ. ಹತ್ತಿರ ಹೋಗುವಾಗಲೇ ಕೇಳಿಸಿತು: ಒಳಗೆ ರೇಡಿಯೊ ಗಂಟಲು ಹರಿದುಕೊಳ್ಳುತ್ತಿತ್ತು, ಜಾಹೀರಾತು, ಸಿನಿಮಾ ಹಾಡು, ಮತ್ತೆ ಜಾಹೀರಾತು. ಅದರ ನಡುವೆ ಹುಳ ನೆಮ್ಮದಿಯಾಗಿ ಸೊಪ್ಪು ತಿನ್ನುತ್ತಿದ್ದವು. ಅಮ್ಮ ಮೂಲೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಚಿಕ್ಕಪ್ಪ, ತಲೆ ಪೂರ್ತಿ ನೆರೆತ ಚಿಕ್ಕಪ್ಪ, ನನ್ನನ್ನು ಕಂಡು ನಿಜವಾಗಿಯೂ ಖುಷಿಪಟ್ಟರು. "ಬಾರಮ್ಮ, ಬಾ. ಈಗ ನೆನಪಾಯ್ತಾ ನಮ್ಮ ಮನೆ?"

ನಾನು ರೇಡಿಯೊ ಆರಿಸಿದೆ. ಫೋನಿನಲ್ಲಿ ಆ ಹೆಂಗಸಿನ ಹಾಡು ಹಾಕಿ, ದನಿ ಎಷ್ಟು ಏರುತ್ತದೋ ಅಷ್ಟು ಏರಿಸಿ ತಟ್ಟೆಯ ಪಕ್ಕದಲ್ಲಿಟ್ಟೆ.

"ಏನಮ್ಮ ಇದು? ಹಾಡಾ?" ಎಂದು ನಕ್ಕರು.

"ನೆನಪಿಲ್ವಾ ಚಿಕ್ಕಪ್ಪ? ಇದನ್ನ ನೀವು ಕೋಲಲ್ಲಿ ತಳ್ಳಿ ಗುಂಡಿಗೆ ಹಾಕಿದ್ರಿ. ಹುಳವೆಲ್ಲ ಹಸಿರು ನೀರು ಕಕ್ಕಿ ಸತ್ತ ಬೆಳೆ."

"ಓ, ಅದಾ! ದ್ರಾಕ್ಷಿ ತೋಟದ ಸೊಪ್ಪು. ಔಷಧಿ ಬಿದ್ದಿತ್ತು ಕಣಮ್ಮ. ವಿಚಾರಿಸ್ದೇನೇ ತಂದ್ಬಿಟ್ಟೆ. ಒಂದು ಹುಳಾನೂ ಉಳೀಲಿಲ್ಲ ನೋಡು."

ಇಪ್ಪತ್ತು ವರ್ಷ ನಾನು ಕಾದಿದ್ದ ಮಾತನ್ನು ಅವರು ಸೊಪ್ಪಿನ ಕಡ್ಡಿ ಎಸೆದಷ್ಟು ಸಲೀಸಾಗಿ ಆಡಿದರು. "ಹಾಡಿಂದ ಸತ್ತವು ಅಂದ್ರಲ್ಲ ಆವತ್ತು!" ಎಂದೆ.

ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಾಡಿಗೆ ಹುಳ ಸಾಯ್ತಾವೇನಮ್ಮ? ಬಿ.ಎಸ್ಸಿ. ಮಾಡಿರೋಳು ನೀನು, ಹಿಂಗಂತೀಯಲ್ಲ!"

"ನಾನು ಬಿ.ಎಸ್ಸಿ. ಮಾಡ್ಲಿಲ್ಲ ಚಿಕ್ಕಪ್ಪ. ನೀವು ಬಿಡಿಸಿದ್ರಿ."

"ಹೌದಾ?" ಎಂದರು. ಅದು ನಾಟಕವಾಗಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ, ಹೇಳು ಎಂಬಂತೆ ಅಮ್ಮನ ಕಡೆ ತಿರುಗಿದರು. ಅಮ್ಮ ಸೊಪ್ಪು ಬಿಡಿಸುತ್ತಲೇ ಇದ್ದಳು.