ಎರಡಕ್ಕೇ ಕೀಳುವ ಡಾಕ್ಟರಮ್ಮ

ಸುಳ್ಳು ಹೇಳದೆ ಹಲ್ಲು ಕೀಳುವ ಡಾಕ್ಟರನ್ನು ಯಾರಾದರೂ ಕಂಡಿದ್ದರೆ ಹೇಳಿ, ನೋಡೋಣ. ನಮ್ಮ ಡಾಕ್ಟರಮ್ಮನದೂ ಒಂದು ಸುಳ್ಳಿತ್ತು. ಒಸಡಿಗೆ ಇಂಜೆಕ್ಷನ್ ಕೊಟ್ಟು, ಇಕ್ಕಳ ಹಿಡಿದು, "ಮೂರು ಎಣಿಸ್ತೀನಿ, ಮೂರಕ್ಕೆ ಕೀಳ್ತೀನಿ" ಅನ್ನುವರು. ಎರಡು ಅನ್ನುವಷ್ಟರಲ್ಲಿ ಹಲ್ಲು ತಟ್ಟೆಗೆ ಟಣ್ಣೆಂದು ಬಿದ್ದಿರುತ್ತಿತ್ತು. ಮೂರರವರೆಗೆ ಬಿಟ್ಟರೆ ಮನುಷ್ಯ ಬಿಗಿಯಾಗುತ್ತಾನೆ, ಎರಡಕ್ಕೇ ಕೀಳುವುದು ಪುಣ್ಯದ ಕೆಲಸ ಎಂದು ಅವರ ವಾದ. ಮೂವತ್ತು ವರ್ಷ ಈ ಪುಣ್ಯ ಕಟ್ಟಿಕೊಂಡರು.

ಮೂವತ್ತು ವರ್ಷ ಊರವರ ಬಾಯೊಳಗೆ ಬಗ್ಗಿ ನೋಡಿದ ಬೆನ್ನು ಸುಮ್ಮನಿರುತ್ತದೆಯೇ? ಎರಡು ವರ್ಷದಿಂದ ಹಿಡಿದುಕೊಂಡಿತ್ತು. ಒಮ್ಮೆಯಂತೂ ದವಡೆ ಹಲ್ಲು ನೋಡಲು ಬಗ್ಗಿದವರು ಏಳಲಾರದೆ, ಪೇಷಂಟೇ ಬಾಯಿ ತೆರೆದುಕೊಂಡು ಅವರನ್ನು ಹಿಡಿದೆತ್ತಬೇಕಾಯಿತು. ಅದು ಗಂಡನ ಕಿವಿಗೂ ಬಿತ್ತು.

"ಸಾಕು ಕಣೇ. ಈ ತಿಂಗಳೊಳಗೆ ಬೆನ್ನು ಸರಿಹೋಗ್ಲಿಲ್ಲ ಅಂದ್ರೆ ಕ್ಲಿನಿಕ್ ಜಾಗ ಕೇಳ್ತಿದ್ದಾನಲ್ಲ, ಆ ಕನ್ನಡಕದ ಅಂಗಡಿಯವನಿಗೆ ಬಿಟ್ಕೊಡೋಣ."

"ಆಮೇಲೆ ಮನೇಲಿ ಕೂತು ಏನ್ ಮಾಡ್ಲಿ? ನಿಮ್ಮ ಹಲ್ಲು ಎಣಿಸ್ಲಾ?" ಎಂದು ರೇಗಿದರು. ಆ ಕ್ಲಿನಿಕ್ಕೇ ಅವರ ಜೀವ.

ಎಕ್ಸ್‌ರೇ ನೋಡಿದ ಮೂಳೆ ಡಾಕ್ಟರು, ಗಾಬರಿಯಾಗುವಂಥದ್ದೇನಿಲ್ಲ, ಒಬ್ಬ ಒಳ್ಳೇ ಕೈರೋಪ್ರಾಕ್ಟರ್ ಹತ್ತಿರ ಹೋಗಿ ಎಂದರು. ಅಂದರೆ ಬೆನ್ನುಮೂಳೆಯನ್ನು ಕೈಯಿಂದಲೇ ಒತ್ತಿ, ಲಟಕ್ಕೆನಿಸಿ ಸರಿಪಡಿಸುವವರು. ಮೊದಲು ಹೋದ ಕಡೆ ಕುಂಡದಲ್ಲಿ ಗಿಡ, ಮೆಲ್ಲಗೆ ಸಂಗೀತ, ಬಿಸಿ ಟವೆಲ್ಲು, ಎಲ್ಲ ಭರ್ಜರಿ. ಆತ "ಒಂದು, ಎರಡು" ಎಂದದ್ದೇ ತಡ, ಡಾಕ್ಟರಮ್ಮ ಮರದ ಕೊರಡಾದರು.

"ಮೈ ಸಡಿಲ ಬಿಡಿ ಮೇಡಂ."

"ಬಿಟ್ಟಿದ್ದೀನಲ್ರೀ!"

ಬಿಟ್ಟಿದ್ದರೆ ತಾನೇ! ಎಲ್ಲರೂ ತಮ್ಮ ಹಾಗೆ ಎರಡಕ್ಕೇ ಕೈ ಕೊಡುತ್ತಾರೆಂದು ಅವರಿಗೆ ಖಾತ್ರಿ. ಇನ್ನೊಬ್ಬಾಕೆ ಎಣಿಸುವ ಗೋಜಿಗೆ ಹೋಗದೆ "ಏನೂ ಆಗಲ್ಲ, ಒಂದೇ ನಿಮಿಷ" ಎಂದಳು. ದಿನಕ್ಕೆ ಇಪ್ಪತ್ತು ಸಲ ಅದೇ ಮಾತು ಹೇಳಿದವರು ನಂಬುತ್ತಾರೆಯೇ? ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ತಿಂಗಳು ಮುಗಿಯಲು ಇನ್ನು ನಾಲ್ಕೇ ದಿನ. ಕ್ಲಿನಿಕ್ಕಿನ ನರ್ಸು ಇನ್ನೊಂದು ವಿಳಾಸ ತಂದಳು. ಸೈಕಲ್ ಅಂಗಡಿಯ ಮೇಲೆ ಒಂದು ಕೋಣೆ, ಹಸಿರು ರೆಕ್ಸಿನ್ನಿನ ಬೆಂಚು, ಗೋಡೆಗೊಂದು ಫ್ಯಾನು, ಅಷ್ಟೇ. ಐವತ್ತರ ಆಸುಪಾಸಿನ ದಪ್ಪ ಕೈಯ ಮನುಷ್ಯ ಡಾಕ್ಟರಮ್ಮನನ್ನು ಕಂಡದ್ದೇ ಕೆನ್ನೆ ಮುಚ್ಚಿಕೊಂಡ.

"ಗುರುತು ಸಿಗ್ಲಿಲ್ವಾ ಮೇಡಂ? ಬಾಯಿ ತೆಗೀಲಾ?"

ತೆಗೆದ. ಡಾಕ್ಟರಮ್ಮ ಇಣುಕಿದರು. "ಅಯ್ಯೋ, ನೀವಾ! ಕೆಳಗಡೆ ಬುದ್ಧಿಹಲ್ಲು, ಬೇರು ಸೊಟ್ಟ!"

"ಎರಡಕ್ಕೇ ಕಿತ್ರಿ."

"ನೋವಾಗಿತ್ತಾ?"

"ನೋವೇನಿಲ್ಲ. ಮಾತು ತಪ್ಪಿದ್ರಲ್ಲ, ಅದೇ ಬೇಜಾರು. ಈಗ ಪಕ್ಕದ ಹಲ್ಲೂ ಹಾಳಾಗಿದೆ. ನಿಮ್ಮ ಬಾಗಿಲ ತನಕ ಬಂದು ಎಷ್ಟು ಸಲ ವಾಪಸ್ ಹೋಗಿದ್ದೀನೋ."

ಡಾಕ್ಟರಮ್ಮನಿಗೆ ಚುರ್ರೆಂದಿತು. ಬೆಂಚಿನ ಮೇಲೆ ಬೋರಲು ಮಲಗಿದರು. ಆತ ಬೆನ್ನೆಲ್ಲ ತಡವಿ ನೋಡಿ, ಒಂದು ಕಡೆ ಕೈ ಊರಿ ನಿಂತ.

"ನಾನು ಎಣಿಸಲ್ಲ. ನೀವೇ ಎಣಿಸಿ. ನೀವು ಮೂರು ಅನ್ನೋ ತನಕ ನನ್ನ ಕೈ ಅಲುಗಲ್ಲ."

"ಒಂದು," ಎಂದರು ಡಾಕ್ಟರಮ್ಮ. "ಎರಡು." ಮೈಯೆಲ್ಲ ಬಿಗಿಯಾಯಿತು. ಈಗ ಮೋಸ ಮಾಡುತ್ತಾನೆ, ಇಗೋ ಈಗ, ಎಂದು ಕಾದರು. ಕೈ ಅಲುಗಲಿಲ್ಲ. ಕೆಳಗೆ ಯಾರೋ ಸೈಕಲ್ ಬೆಲ್ಲು ಪರೀಕ್ಷಿಸುತ್ತಿದ್ದರು.

"ಮಾಡಲ್ವಾ?"

"ಮೂರು ಅಂದಿಲ್ವಲ್ಲ ಮೇಡಂ."

ಡಾಕ್ಟರಮ್ಮನಿಗೆ ನಿಜಕ್ಕೂ ಭಯವಾಗಿತ್ತು. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ತಮ್ಮ ಮುಖವನ್ನೇ ನೋಡುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ನೆನಪಾದರು. ಎಂಥ ನಂಬಿಕೆಯಿಂದ ಮೂರಕ್ಕೆ ಕಾಯುತ್ತಿದ್ದರು ಪಾಪ! ನಾಚಿಕೆಯಾಯಿತು. ಬಹಳ ಹೊತ್ತಾದ ಮೇಲೆ ಭುಜ ತಾನಾಗಿ ಇಳಿಯಿತು.

"ಮೂರು."

ಲಟಕ್!

ಎದ್ದು ನಿಂತರು. ಎರಡು ವರ್ಷದಲ್ಲಿ ಮೊದಲ ಸಲ ನೆಟ್ಟಗೆ. ಇನ್ನೂ ನಾಲ್ಕು ಸಲ ಬರಬೇಕು, ಕೂತು ಕೆಲಸ ಮಾಡುವುದು ಕಲಿಯಬೇಕು ಎಂದ ಆತ. ಹೂಂ ಎಂದರು. ಮನೆಗೆ ಹೋದವರೇ ಕನ್ನಡಕದವನಿಗೆ ಬೇರೆ ಜಾಗ ಹುಡುಕಿಕೊಳ್ಳಲು ಹೇಳಿ ಎಂದು ಗಂಡನಿಗೆ ತಾಕೀತು ಮಾಡಿದರು.

ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿನ ಕುರ್ಚಿಯಲ್ಲಿ ಮೊದಲು ಕೂತವನು ಆ ದಪ್ಪ ಕೈಯವನೇ. ಈ ಸಲ ಎಣಿಕೆ ಅವನದು; ಬಾಯೊಳಗೆ ಇಕ್ಕಳ ಇದ್ದುದರಿಂದ ಬೆರಳಲ್ಲೇ ಎಣಿಸಿದ. ಒಂದು ಬೆರಳು ಎದ್ದಿತು. ಎರಡನೆಯದು ಎದ್ದಿತು. ಮೂರನೆಯದು ಅರ್ಧ ಎದ್ದು, ಮತ್ತೆ ಮಡಚಿಕೊಂಡಿತು.

ನರ್ಸು ಬಾಗಿಲಲ್ಲಿ ಇಣುಕಿದಳು. "ಮೇಡಂ, ಹೊರಗಡೆ ಏಳು ಜನ ಕಾಯ್ತಿದ್ದಾರೆ."

"ಕಾಯ್ಲಿ ಬಿಡು," ಎಂದರು ಡಾಕ್ಟರಮ್ಮ, ಆ ಬೆರಳಿನಿಂದ ಕಣ್ಣು ಕೀಳದೆ. "ನಾನೂ ಕಾಯ್ತಿದ್ದೀನಿ."